ಅಡ್ಡಕ್ಕೆ ತಿರುಗಿದ ಸಾಲು

ಮಸೀದಿ ಎಂದೊಡನೆ ಕಣ್ಣು ಗುಮ್ಮಟ, ಮಿನಾರು ಹುಡುಕುತ್ತದೆ. ದಿಂಡಿಗಲ್ಲಿನ ಬೇಗಂಪುರ ದೊಡ್ಡ ಮಸೀದಿಯಲ್ಲಿ ನೋಡಬೇಕಾದದ್ದು ನೆಲವನ್ನು, ಅದೂ ನಮಾಜಿನ ಹೊತ್ತಿನಲ್ಲಿ. ಭುಜಕ್ಕೆ ಭುಜ ತಾಗಿಸಿ ನಿಂತವರ ಸಾಲು ಈ ಗೋಡೆಯಿಂದ ಆ ಗೋಡೆಯವರೆಗೆ ಅಡ್ಡಕ್ಕೆ ಹಬ್ಬುತ್ತದೆ. ಎಲ್ಲರ ಮುಖವೂ ಪಡುವಣಕ್ಕೆ, ಮೆಕ್ಕಾದ ದಿಕ್ಕು ತೋರುವ ಮಿಹ್ರಾಬಿನ ಗೂಡಿನತ್ತ. ಮೊದಲ ಸಾಲಿನಲ್ಲಿ ನಿಲ್ಲುವುದೇ ಪುಣ್ಯವಾದ್ದರಿಂದ ಕಟ್ಟುವವನಿಗೆ ಉದ್ದಕ್ಕಿಂತ ಅಗಲ ಮುಖ್ಯ. ಅಲ್ಲಿಂದ ಹೊರಟು, 1866ರಿಂದ 1872ರ ನಡುವೆ ಕಟ್ಟಿದ ಸಂತ ಜೋಸೆಫರ ಚರ್ಚಿನೊಳಗೆ ಕಾಲಿಟ್ಟರೆ ಬಾಗಿಲಿನಿಂದ ಬಲಿಪೀಠದವರೆಗೆ ನೇರ ದಾರಿ. ಅದು ಮೆರವಣಿಗೆಯ ಉದ್ದ.

ಈ ಮಸೀದಿ ದಿಂಡಿಗಲ್ಲಿನಲ್ಲಿ ಉಳಿದಿರುವ ಮೈಸೂರಿನ ಆಳ್ವಿಕೆಯ ಗುರುತು. 1755ರಲ್ಲಿ ಹೈದರಾಲಿ ಇಲ್ಲಿಗೆ ಫೌಜುದಾರನಾಗಿ ಬಂದ. ಬೇಗಂಪುರದಲ್ಲಿ ಮಣ್ಣಾದ ಅಮೀರುನ್ನಿಸಾ ಬೇಗಂ ಅವನ ತಂಗಿ ಎನ್ನುವುದು ಊರ ಮಾತು.

ಮಸೀದಿ–ಚರ್ಚುಗಳ ಈ ಅಡ್ಡ–ಉದ್ದದ ಜಗಳ ಹಳೆಯದು. ಡಮಾಸ್ಕಸ್ಸಿನಲ್ಲಿ ಖಲೀಫ ಅಲ್‌ ವಲೀದ್ 706ರಲ್ಲಿ ಸ್ನಾನಿಕ ಯೋಹಾನನ ಚರ್ಚನ್ನು ತೆಗೆಸಿ ಮಸೀದಿಗೆ ಕೈಹಾಕಿದ. ಕಂಬಸಾಲುಗಳು ಬೇರ್ಪಡಿಸಿದ ಮೂರು ಅಂಕಣ, ಮೇಲೆ ಇಳಿಜಾರು ಮಾಡು: ನೋಡಲು ಬೈಜಾಂಟಿಯನ್ ಚರ್ಚೇ. ಆದರೆ ಭಕ್ತರು ಅಂಕಣಗಳ ಉದ್ದಕ್ಕೆ ನಡೆಯುವುದಿಲ್ಲ. ಅವಕ್ಕೆ ಅಡ್ಡಲಾಗಿ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಕಟ್ಟಡದ ರೂಪ ಚರ್ಚಿನದೇ, ಜನ ತಿರುಗಿದ್ದಾರೆ.

ಬೈಜಾಂಟಿಯಂ ಎಂದರೆ ಮೂರ್ತಿಚಿತ್ರ, ಇಸ್ಲಾಂ ಎಂದರೆ ಬಳ್ಳಿ–ಹೂ ಎಂಬ ಪಠ್ಯಪುಸ್ತಕದ ಪಾಠವನ್ನೂ ಪೂರ್ತಿ ನಂಬುವಂತಿಲ್ಲ. ಡಮಾಸ್ಕಸ್ಸಿನ ಮೊಸಾಯಿಕ್‌ನಲ್ಲಿ ನದಿ, ಮನೆ, ಮರಗಳಿದ್ದು ಮನುಷ್ಯರಿಲ್ಲ, ನಿಜ. ಅದೇ ಎಂಟನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಗಳೂ ಸಂತರ ಚಿತ್ರಗಳನ್ನು ನಿಷೇಧಿಸಿದ್ದರು. ಅಲ್ಲಿನ ಹಗಿಯಾ ಐರೀನ್ ಚರ್ಚಿನ ಗರ್ಭಭಾಗದ ಮೇಲೆ ಇಂದಿಗೂ ಬರಿಯ ಶಿಲುಬೆ.

ಚರ್ಚು–ಮಸೀದಿಗಳ ನಂಟಿಗೆ ಇನ್ನೊಂದು ಸಾಕ್ಷಿ ಬಂಡೆ. ಜೆರುಸಲೇಮಿನ ಬಂಡೆಯ ಗುಮ್ಮಟವನ್ನು (ಕ್ರಿ.ಶ. 691–92) ಎಲ್ಲರೂ ಹೆಸರಿಸುತ್ತಾರೆ, ಎಂಟು ಮೂಲೆಯ ಕಟ್ಟಡ, ನಡುವೆ ಬಂಡೆ, ಸುತ್ತ ಪ್ರದಕ್ಷಿಣೆಯ ಪಥ, ಮೇಲೆ ಸುಮಾರು 20 ಮೀಟರ್ ಅಗಲದ ಗುಮ್ಮಟ. ಆದರೆ 1992ರಲ್ಲಿ ಬೆತ್ಲೆಹೆಮ್ ರಸ್ತೆ ಅಗಲ ಮಾಡುವಾಗ ಸಿಕ್ಕ ಕಥಿಸ್ಮಾ ಚರ್ಚಿನ ನಕ್ಷೆ ನೋಡಿದರೆ ಮಾತು ನಿಲ್ಲುತ್ತದೆ. ಇಕೆಲಿಯಾ ಎಂಬ ಶ್ರೀಮಂತ ವಿಧವೆ ಐದನೆಯ ಶತಮಾನದಲ್ಲಿ ಕಟ್ಟಿಸಿದ್ದು; ಗರ್ಭಿಣಿ ಮರಿಯಮ್ಮ ದಾರಿಯಲ್ಲಿ ದಣಿವಾರಿಸಿಕೊಂಡ ಬಂಡೆ ನಡುವೆ, ಅದರ ಸುತ್ತ ಒಂದರ ಹೊರಗೊಂದು ಅಷ್ಟಕೋನ. ಬಂಡೆಯ ಗುಮ್ಮಟಕ್ಕಿಂತ ಎರಡು ಶತಮಾನಕ್ಕೂ ಹಳೆಯದು. ಬಂಡೆಯ ಗುಮ್ಮಟ ಕಟ್ಟಿಸಿದ ಖಲೀಫ ಅಬ್ದುಲ್ ಮಲಿಕನ ಕೆಲಸಗಾರರಿಗೆ ಇದೇ ಮಾದರಿ ಎಂದು ಅಗೆದವರ ವಾದ. ಅಷ್ಟು ಖಚಿತವಾಗಿ ಹೇಳುವುದು ಅವಸರವೇ. ಯೇಸುವಿನ ಸಮಾಧಿಯ ದುಂಡು ಚರ್ಚೂ ಜೆರುಸಲೇಮಿನಲ್ಲೇ ಇತ್ತು, ಅದರ ಗುಮ್ಮಟವೂ ಹೆಚ್ಚೂಕಡಿಮೆ ಅಷ್ಟೇ ಅಗಲ.

ಕಥಿಸ್ಮಾದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎಂಟನೆಯ ಶತಮಾನದಲ್ಲಿ ಅದರ ದಕ್ಷಿಣ ಭಾಗದಲ್ಲೊಂದು ಮಿಹ್ರಾಬ್ ಬಂತು, ನೆಲದ ಮೇಲೆ ಖರ್ಜೂರದ ಮರದ ಮೊಸಾಯಿಕ್ ಹಾಸಿದರು. ಉಳಿದ ಭಾಗ ಆಗಲೂ ಚರ್ಚಾಗಿಯೇ ನಡೆಯುತ್ತಿತ್ತು ಎನ್ನುತ್ತಾರೆ ಅಗೆದವರು. ಹಾಗಿದ್ದರೆ ಒಂದೇ ಬಂಡೆಯ ಸುತ್ತ ಕೆಲವರು ಪೂರ್ವಕ್ಕೆ, ಕೆಲವರು ದಕ್ಷಿಣಕ್ಕೆ ತಿರುಗಿ ಪ್ರಾರ್ಥಿಸುತ್ತಿದ್ದರು.