ಬಚ್ಚಲಿಗೊಂದು ಹಿಡಿಕೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಅತ್ತೆ ಸಂಜೆ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಯಾಕೆ? ಕುಡಿದರೆ ರಾತ್ರಿ ಎದ್ದು ಹೋಗಬೇಕಲ್ಲ! ಅವರಿಗೆ ಮಂಡಿ ನೋವು. ಪಾಯಿಖಾನೆಯಲ್ಲಿ ಕೂತರೆ ಏಳಲು ಆಗುವುದಿಲ್ಲ. ಒಂದು ದಿನ ನಲ್ಲಿ ಹಿಡಿದು ಎದ್ದರು. ನಲ್ಲಿ ಕಿತ್ತು ಬಂತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದರೆ, ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ನಡೆಯುವುದಿಲ್ಲ.

ಅವರಿಗೆ ಬೇಕಾಗಿದ್ದು ಹಿಡಿದುಕೊಳ್ಳಲು ಒಂದು ಹಿಡಿಕೆ. ಎಂಥದ್ದು ಹಾಕಿಸಬೇಕು?

ಟವೆಲ್ ಹಾಕುವ ಸರಳು ಬೇಡ. ಅದು ಟವೆಲಿನ ಭಾರ ಹೊರುತ್ತದೆ, ಮನುಷ್ಯರ ಭಾರ ಹೊರುವುದಿಲ್ಲ. ಪ್ಲಾಸ್ಟಿಕ್ ಪೈಪು ಬಾಗುತ್ತದೆ. 1 ಇಂಚಿನ ಜಿ.ಐ. ಪೈಪು ಸಾಕು. ದಪ್ಪ ಇದ್ದಷ್ಟೂ ಗಟ್ಟಿ ಅಂತ ನಾವು ಅಂದುಕೊಳ್ತೀವಿ. ಆದರೆ ಬೆರಳು ಸುತ್ತಿಕೊಳ್ಳದಿದ್ದರೆ ಹಿಡಿತ ಎಲ್ಲಿ ಬಂತು? ಗೋಡೆಗೂ ಪೈಪಿಗೂ ನಡುವೆ ಒಂದೂವರೆ ಇಂಚು ಜಾಗ ಬಿಡಿ. ಜಾಸ್ತಿ ಬಿಟ್ಟರೆ, ಜಾರಿದಾಗ ಕೈ ಒಳಗೆ ಸಿಕ್ಕಿಕೊಳ್ಳುತ್ತದೆ.

ಎಲ್ಲಿ ಹಾಕಿಸಬೇಕು? ಮೇಸ್ತ್ರಿಯ ಅಳತೆ ಬೇಡ, ಅತ್ತೆಯ ಅಳತೆ ಬೇಕು. ಅವರನ್ನೇ ಕರೆದು ಕೂರಿಸಿ. ಕೈ ಚಾಚಲು ಹೇಳಿ. ಕೈ ಮುಟ್ಟಿದ ಕಡೆ ಇದ್ದಿಲಿನಿಂದ ಗೆರೆ ಎಳೆಯಿರಿ. ಎಬ್ಬಿಸಿ ನಿಲ್ಲಿಸಿ ಇನ್ನೊಂದು ಗೆರೆ ಎಳೆಯಿರಿ. ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಪೈಪು ನೆಟ್ಟಗೆ ನಿಲ್ಲಲಿ. ಕೈ ಸರಿಸಿಕೊಂಡು ಏಳ್ತಾರೆ. ಪಾರ್ಶ್ವವಾಯು ಆದವರಿಗೆ, ಬಲ ಇರುವ ಕೈ ಕಡೆಗೇ ಹಾಕಿಸಿ.

ಇನ್ನು ಗೋಡೆ. ಆ ಅಕ್ಕನ ಮನೆಯಲ್ಲಿ ಮೊದಲು ಎರಡು ಸಣ್ಣ ಸ್ಕ್ರೂ ಹೊಡೆದು ಹೋಗಿದ್ದರು. ಅವು ಬರೀ ಗಾರೆಯಲ್ಲಿ ಕೂತಿದ್ದವು. ತಿಂಗಳೊಳಗೆ ಹಿಡಿಕೆ ಕಳಚಿ ಬಂತು. ಪೈಪಿನ ಎರಡೂ ತುದಿಗೆ ತಟ್ಟೆ ಬೆಸೆದಿರಬೇಕು. ಒಂದೊಂದು ತಟ್ಟೆಗೆ 3 ಉದ್ದ ಸ್ಕ್ರೂ ಬೇಕು. ಅವು ಇಟ್ಟಿಗೆಯ ಒಳಗೆ ಇಳಿಯಬೇಕು. ಮಣ್ಣಿನ ಗೋಡೆಯನ್ನಂತೂ ನಂಬಲೇಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಕಾಲಿನ ಕಮಾನು ಮಾಡಿಸಿ. ಕಾಲುಗಳನ್ನು ನೆಲದಲ್ಲಿ ಒಂದೂವರೆ ಅಡಿ ಹೂಳಿಸಿ ಕಾಂಕ್ರೀಟು ಹಾಕಿಸಿ. ಬಾಗಿಲು ತೆರೆಯಲು ಅಡ್ಡ ಆಗದಂತೆ ಮೊದಲೇ ನೋಡಿಕೊಳ್ಳಿ.

ಕಾಂಕ್ರೀಟಿಗೆ 7 ದಿನ ನೀರು ಹಾಕಿ. ಅಷ್ಟು ದಿನ ಯಾರೂ ಹಿಡಿಯಬಾರದು. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರು ಅದಕ್ಕೆ ಜೋತುಬಿದ್ದು ಎಳೆಯಲಿ. ನಗಬೇಡಿ, ನಾವೂ ಹಾಗೇ ಎಳೆದು ನೋಡಿದ್ದು. ಅಲ್ಲಾಡದಿದ್ದರೆ ಅತ್ತೆಯನ್ನು ಕರೆಯಿರಿ.