ಬಿಟ್ಟ ಕಡತ ಎಲ್ಲಿ ಉಳಿಯುತ್ತದೆ? ಮೋತಿ ಡೊಂಗರ್ ಧ್ವನಿಮುದ್ರಣಗಳ ಕನ್ನಡಿ-ಪ್ರತಿ ಕುರಿತು

ಸ್ಕ್ರೀನ್ ಕಾಣಿಸ್ತಿದೆ ಅಂದ್ಕೊಳ್ತೀನಿ.

ಮಡಗಾಂವ್‌ನ ಮೋತಿ ಡೊಂಗರ್‌ನಲ್ಲಿ, ಉತ್ತರ ಕರ್ನಾಟಕದಿಂದ ದುಡಿಯಲು ಬಂದು ನೆಲೆಸಿದ ಕುಟುಂಬಗಳ ಮಾತನ್ನು ನಾನು ಧ್ವನಿಮುದ್ರಿಸುತ್ತಿದ್ದೇನೆ. ಮೂಲ ನನ್ನ ಲ್ಯಾಪ್‌ಟಾಪಿನಲ್ಲಿದೆ, ಪ್ರತಿ ವಿಭಾಗದ ಸರ್ವರಿನಲ್ಲಿ. ಮೊದಲು ಒಪ್ಪಿದ್ದ ಒಬ್ಬ ಅಜ್ಜಿ ಆಮೇಲೆ ತಮ್ಮ ಮಾತನ್ನು ತೆಗೆದುಬಿಡಿ ಎಂದರು. ಮನೆ ಕಾಗದಪತ್ರದ ವಿಷಯ ಅದರಲ್ಲಿದೆ. 2004ರಲ್ಲಿ ವಾಸ್ಕೋದ ಬಯನಾದಲ್ಲಿ ಮನೆಗಳನ್ನು ಕೆಡವಿದ್ದನ್ನು ಬಲ್ಲವರಿಗೆ ಈ ಅಳುಕು ಅರ್ಥವಾಗುತ್ತದೆ. ಹಾಗಾದ್ರೆ ಪ್ರಶ್ನೆ ಇದು: ಆ ಕಡತ ಸರ್ವರಿನಿಂದ ನಿಜಕ್ಕೂ ಹೋಗುತ್ತದೆಯೇ?

ನಾನು ಬಳಸುವುದು ಆರ್‌ಸಿಂಕ್. ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದದ್ದು. ಇದಕ್ಕೆ 'ಡಿಲೀಟ್' ಆಯ್ಕೆ ಕೊಟ್ಟರೆ ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲೂ ಅಳಿಸುತ್ತದೆ. 'ಎಕ್ಸ್‌ಕ್ಲೂಡ್' ಕೊಟ್ಟರೆ ಹೇಳಿದ ಕಡತವನ್ನು ಬಿಟ್ಟುಬಿಡುತ್ತದೆ. ಎರಡನ್ನೂ ಸೇರಿಸಿದರೆ ಅಜ್ಜಿಯ ಕಡತ ಹೋಯ್ತು ಅನ್ನಿಸುತ್ತೆ ಅಲ್ವಾ? ಹೋಗಲ್ಲ.

ಯಾಕೆಂದರೆ ಎಕ್ಸ್‌ಕ್ಲೂಡ್ ಒಂದೇ ಹೆಸರಿನಲ್ಲಿ ಎರಡು ಕೆಲಸ ಮಾಡುತ್ತದೆ. ಮೂಲದ ಕಡೆ ಕಡತವನ್ನು ಮರೆಮಾಡುತ್ತದೆ, ಪ್ರತಿಯ ಕಡೆ ಅದನ್ನು ಅಳಿಸದಂತೆ ಕಾಯುತ್ತದೆ. ಹೋದ ತಿಂಗಳು ಸರ್ವರಿಗೆ ಹೋಗಿದ್ದ ಕಡತ ಇವತ್ತಿನ ಎಕ್ಸ್‌ಕ್ಲೂಡ್‌ನಿಂದಲೇ ಅಲ್ಲಿ ಭದ್ರವಾಗಿ ಕೂರುತ್ತದೆ. ಲ್ಯಾಪ್‌ಟಾಪಿನಿಂದ ಅಳಿಸಿದರೂ ಅಷ್ಟೇ, ಆ ನಿಯಮ ಇರುವತನಕ ಸರ್ವರಿನದು ಅಲುಗುವುದಿಲ್ಲ.

'ಡಿಲೀಟ್-ಎಕ್ಸ್‌ಕ್ಲೂಡೆಡ್' ಎಂಬ ಆಯ್ಕೆ ಇದೆ. ಅದು ಕಾವಲನ್ನು ತೆಗೆಯುತ್ತದೆ, ಆದರೆ ಎಕ್ಸ್‌ಕ್ಲೂಡ್ ಮಾಡಿದ ಎಲ್ಲದರ ಮೇಲಿಂದಲೂ. ನಮ್ಮ ಸರ್ವರಿನಲ್ಲಿ ಸಹಪಾಠಿಗಳು ಮಾಡಿದ ಲಿಪ್ಯಂತರಗಳ ಫೋಲ್ಡರ್ ಇದೆ, ನನ್ನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಅದು ಅಳಿಯದಿರಲಿ ಎಂದೇ ಎಕ್ಸ್‌ಕ್ಲೂಡ್ ಹಾಕಿದ್ದೇವೆ. ಆ ಆಯ್ಕೆ ಕೊಟ್ಟರೆ ಅಜ್ಜಿಯ ಕಡತದ ಜೊತೆ ಇವರ ಶ್ರಮವೂ ಹೋಗುತ್ತೆ.

ನನ್ನ ಪ್ರಕಾರ ಇಲ್ಲಿ ಎಕ್ಸ್‌ಕ್ಲೂಡ್ ಪದವನ್ನೇ ಕೈಬಿಡೋದು ಒಳ್ಳೆಯದು. 'ಫಿಲ್ಟರ್' ಆಯ್ಕೆಯಲ್ಲಿ ಎರಡೂ ಕೆಲಸವನ್ನು ಬಿಡಿಸಿ ಹೇಳಬಹುದು: ಒಪ್ಪಿಗೆ ಹಿಂತೆಗೆದವರ ಕಡತಗಳಿಗೆ 'ಹೈಡ್', ಲಿಪ್ಯಂತರಗಳಿಗೆ 'ಪ್ರೊಟೆಕ್ಟ್'. ಹೈಡ್ ಆದದ್ದು ಡಿಲೀಟ್‌ಗೆ ಸಿಕ್ಕಿ ಅಳಿಯುತ್ತದೆ, ಪ್ರೊಟೆಕ್ಟ್ ಆದದ್ದು ಉಳಿಯುತ್ತದೆ.

ಮಾದರಿ ಬರೆಯುವಾಗ ಓರೆಗೆರೆ ಗಮನಿಸಿ. ಮುಂದೆ ಓರೆಗೆರೆ ಇದ್ದರೆ ಅದು ಡಿಸ್ಕಿನ ಬುಡ ಅಲ್ಲ, ನಕಲಾಗುತ್ತಿರುವ ಫೋಲ್ಡರಿನ ಬುಡ. ಓರೆಗೆರೆಯೇ ಇಲ್ಲದಿದ್ದರೆ ಆ ಹೆಸರು ಯಾವ ಹಂತದಲ್ಲಿ ಸಿಕ್ಕರೂ ಹೊಂದುತ್ತದೆ. ನಿಯಮಗಳಲ್ಲಿ ಮೊದಲು ಹೊಂದಿದ್ದೇ ಅಂತಿಮ.

ಓಡಿಸುವ ಮೊದಲು 'ಡ್ರೈ-ರನ್' ಕೊಡಿ, ಜೊತೆಗೆ 'ಐಟಮೈಸ್-ಚೇಂಜಸ್'. 'ಡಿಲೀಟಿಂಗ್' ಎಂದು ಬರುವ ಸಾಲುಗಳನ್ನು ಒಂದೊಂದಾಗಿ ಓದಿ. ಅಜ್ಜಿಯ ಕಡತದ ಹೆಸರು ಅಲ್ಲಿ ಇರಬೇಕು, ಲಿಪ್ಯಂತರದ್ದು ಒಂದೂ ಇರಬಾರದು.

ಇನ್ನು ಸರ್ವರಿನ ಹಳೆಯ ಬ್ಯಾಕಪ್‌ಗಳು. ಆರ್‌ಸಿಂಕ್ ಅವನ್ನು ಮುಟ್ಟುವುದಿಲ್ಲ. ಸರ್ವರ್ ನೋಡಿಕೊಳ್ಳುವವರಿಗೆ ಕಡತದ ಹೆಸರು ಕೊಟ್ಟು ಬೇರೆಯಾಗಿ ಕೇಳಬೇಕು.