ವೈಮಾನಿಕನ ಜಾಕೆಟ್ಟು: ಕೊಳ್ಳುವ ಮುನ್ನ

ಚಳಿಯೆಂದರೆ ನಮ್ಮವರಿಗೆ ಧನುರ್ಮಾಸದ ಮುಂಜಾವು ನೆನಪಾಗುವುದು ಸಹಜ. ಮಲೆನಾಡಿನಲ್ಲಿ ಒಂದು ಕಂಬಳಿ, ಬೆಂಗಳೂರಿನಲ್ಲಿ ಒಂದು ಸ್ವೆಟರು, ಕಿವಿಗೊಂದು ಮಫ್ಲರು. ಇಷ್ಟಿದ್ದರೆ ಆ ಋತುವನ್ನು ಸುಖವಾಗಿ ದಾಟಬಹುದು. ಆದರೆ ಓದಿಗೋ ಉದ್ಯೋಗಕ್ಕೋ ಷಿಕಾಗೊ, ಮಿನಿಯಾಪೊಲಿಸ್ ಮುಂತಾದ ಊರುಗಳಿಗೆ ಹೋಗುವ ಕನ್ನಡಿಗರಿಗೆ ಎದುರಾಗುವ ಚಳಿ ಬೇರೆಯೇ ಜಾತಿಯದು. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಮಾನವು ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಅದರ ಮೇಲೆ ಗಾಳಿಯೂ ಬೀಸಿತೆಂದರೆ ಮುಚ್ಚದ ಕಿವಿ, ಬೆರಳುಗಳು ಬಹುಬೇಗ ಮರಗಟ್ಟುವುವು. ಅಂಥಲ್ಲಿ ಮೊದಲ ಚಳಿಗಾಲಕ್ಕೆಂದು ಕೊಳ್ಳುವ ಕೋಟು ಷೋಕಿಯ ವಸ್ತುವಲ್ಲ. ಅದು ಆರೋಗ್ಯದ ಪ್ರಶ್ನೆ, ಮಿತವಾದ ಹಣದ ಪ್ರಶ್ನೆ.

ಅಮೆರಿಕದ ಊರುಗಳಲ್ಲಿ ಸೈನ್ಯದ ಹೆಚ್ಚುವರಿ ದಾಸ್ತಾನನ್ನು ಮಾರುವ ಅಂಗಡಿಗಳುಂಟು. ಅಲ್ಲಿ ತೂಗುಹಾಕಿದ ಉಡುಪುಗಳ ಸಾಲಿನಲ್ಲಿ ಕೊಳ್ಳುವವರ ಕಣ್ಣನ್ನು ಮೊದಲು ಸೆಳೆಯುವುದು ವೈಮಾನಿಕರ ಜಾಕೆಟ್ಟು. ಮುಗಿಲಿನಾಚೆಯ ಚಳಿಯನ್ನೇ ತಡೆದ ಉಡುಪು ಬೀದಿಯ ಚಳಿಯನ್ನು ತಡೆಯಲಾರದೆ ಎಂದು ಯಾರಿಗಾದರೂ ತೋರುವುದು ಸಹಜವೇ. ಈ ತರ್ಕ ಅರ್ಧ ನಿಜ. ಉಳಿದರ್ಧವನ್ನು ಅರಿಯದೆ ಹಣ ತೆತ್ತವರು ಅಂದವಾದ ಜಾಕೆಟ್ಟಿನೊಳಗೇ ನಡುಗಬೇಕಾಗುವುದು.

ಆಕಾಶದ ಚಳಿ

ನೆಲದಿಂದ ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣಮಾನ ಇಳಿಯುತ್ತದೆ. ನೆಲದ ಮೇಲೆ ಹಿತವಾದ 15 ಡಿಗ್ರಿ ಇದ್ದರೂ 25,000 ಅಡಿಯ ಎತ್ತರದಲ್ಲಿ ಅದು ಸೊನ್ನೆಗಿಂತ 34 ಡಿಗ್ರಿ ಕೆಳಗಿರುವುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17, ಬಿ-24 ಬಾಂಬರುಗಳು ಹಾರಿದ್ದು ಇಂಥ ಎತ್ತರದಲ್ಲಿಯೇ. ಅವುಗಳ ಒಡಲು ಇಂದಿನ ಪ್ರಯಾಣಿಕ ವಿಮಾನದಂತೆ ಬೆಚ್ಚಗೆ ಮುಚ್ಚಿದ್ದಾಗಿರಲಿಲ್ಲ. ಪಕ್ಕದ ಕಿಂಡಿಗಳಲ್ಲಿ ನಿಂತ ಬಂದೂಕುಗಾರರ ಮೇಲೆ ಕೊರೆಯುವ ಗಾಳಿ ನೇರವಾಗಿ ರಾಚುತ್ತಿತ್ತು. ಸಿಕ್ಕಿಕೊಂಡ ಬಂದೂಕನ್ನು ಸರಿಪಡಿಸಲು ಕೈಚೀಲ ಕಳಚಿದವರ ಬೆರಳುಗಳು ಲೋಹಕ್ಕೆ ಅಂಟಿಕೊಂಡು ಸತ್ತುಹೋದ ಪ್ರಸಂಗಗಳಿದ್ದವು. 1942ರಿಂದ 1943ರ ಕೊನೆಯವರೆಗೆ ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ 8ನೆಯ ವಾಯುಸೇನೆಯಲ್ಲಿ ಶತ್ರುವಿನ ಗುಂಡಿನಿಂದ ಗಾಯಗೊಂಡವರಿಗಿಂತ ಚಳಿಯ ಪೆಟ್ಟಿಗೆ ಸಿಕ್ಕಿ ಹಾರಾಟ ಬಿಟ್ಟವರೇ ಹೆಚ್ಚು.

ಜಾಕೆಟ್ಟುಗಳ ಚರಿತ್ರೆಯೆಂದರೆ ಈ ಚಳಿಯೊಡನೆ ನಡೆದ ಹೋರಾಟದ ಚರಿತ್ರೆಯೇ. 1931ರಲ್ಲಿ ಅಮೆರಿಕದ ವಾಯುದಳವು 'ಎ-2' ಎಂಬ ಚರ್ಮದ ಜಾಕೆಟ್ಟನ್ನು ಅಂಗೀಕರಿಸಿತು. ಬಹುಪಾಲು ಕುದುರೆಯ ಚರ್ಮದಿಂದ ಮಾಡುತ್ತಿದ್ದ, ಸೊಂಟದವರೆಗೆ ಮಾತ್ರ ಬರುವ ಈ ಉಡುಪೇ ಮುಂದೆ ಚಲಚ್ಚಿತ್ರಗಳಲ್ಲಿ ಮೆರೆಯಿತು. 1934ರಲ್ಲಿ ಒಳಗೆ ಉಣ್ಣೆಯನ್ನು ಹಾಗೆಯೇ ಉಳಿಸಿದ ಕುರಿಚರ್ಮದ 'ಬಿ-3' ಬಂದಿತು. ಬ್ರಿಟಿಷ್ ವಾಯುಪಡೆಗೆ ಇಂಥದೇ ಜಾಕೆಟ್ಟನ್ನು ರೂಪಿಸಿದವನು ಲೆಸ್ಲಿ ಇರ್ವಿನ್ ಎಂಬ ಅಮೆರಿಕನ್. 1919ರಲ್ಲಿ ತಾನೇ ಹಗ್ಗವೆಳೆದು ಬಿಚ್ಚುವ ಪ್ಯಾರಾಚೂಟಿನೊಡನೆ ವಿಮಾನದಿಂದ ಧುಮುಕಿ ಹೆಸರಾದವನು ಅವನು. ಬಳಿಕ ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ಕಾರ್ಖಾನೆ ತೆರೆದನು.

ಆದರೆ ಕುರಿಚರ್ಮ ಭಾರ. ಇಕ್ಕಟ್ಟಾದ ವಿಮಾನದಲ್ಲಿ ಕೈಕಾಲು ಆಡಿಸಲು ಅಡ್ಡಿ. ನೀರು ಹೀರಿದ ಚರ್ಮವು ಮೇಲೇರಿದಾಗ ಹೆಪ್ಪುಗಟ್ಟಿ ಸೆಟೆಯುವುದು ಮತ್ತೊಂದು ತೊಂದರೆ. ಆದ್ದರಿಂದ 1943ರಲ್ಲಿ ಬಟ್ಟೆಯ ಹೊದಿಕೆಯೂ ಅಲ್ಪಾಕ ಉಣ್ಣೆಯ ಅಸ್ತರೂ ಉಳ್ಳ 'ಬಿ-10' ಬಂದಿತು, ಮರುವರ್ಷ 'ಬಿ-15'. ಜೆಟ್ ವಿಮಾನಗಳ ಕಾಲದಲ್ಲಿ, 1950ರ ದಶಕದಲ್ಲಿ, ನೈಲಾನಿನ 'ಎಂಎ-1' ಬಳಕೆಗೆ ಬಂದಿತು. ತುಪ್ಪಳದ ಕಾಲರು ಪ್ಯಾರಾಚೂಟಿನ ಪಟ್ಟಿಗೆ ಅಡ್ಡವಾಗುವುದೆಂದು ಅದನ್ನು ತೆಗೆದು ಹೆಣೆದ ಉಣ್ಣೆಯ ಕಾಲರನ್ನು ಇಟ್ಟರು. 1960ರ ಸುಮಾರಿಗೆ ಇದರ ಅಸ್ತರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದು ಅಲಂಕಾರಕ್ಕಾಗಿ ಅಲ್ಲ. ವಿಮಾನ ಬಿದ್ದು ಕಾಡಿನಲ್ಲೋ ಹಿಮದಲ್ಲೋ ಸಿಕ್ಕಿಕೊಂಡವನು ಜಾಕೆಟ್ಟನ್ನು ಒಳಹೊರಗು ಮಾಡಿ ತೊಟ್ಟರೆ, ಹುಡುಕಿ ಬಂದವರಿಗೆ ದೂರದಿಂದಲೇ ಕಾಣಲೆಂದು.

ಈ ಉಡುಪಿನ ಕಥೆಗೂ ನಮ್ಮ ಬೆಂಗಳೂರಿಗೂ ಒಂದು ನಂಟುಂಟು. 1940ರಲ್ಲಿ ಸ್ಥಾಪಿತವಾದ ಇಲ್ಲಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೈನ್ಯದ ಆಡಳಿತಕ್ಕೆ ಒಳಪಟ್ಟು, ಅವರ ವಿಮಾನಗಳ ದುರಸ್ತಿಯ ಕೇಂದ್ರವಾಯಿತು. ಅದೇ ಕಾಲದಲ್ಲಿ ಅಸ್ಸಾಮಿನಿಂದ ಹಿಮಾಲಯದ ಸಾಲುಗಳನ್ನು ದಾಟಿ ಚೀನದ ಕುನ್ಮಿಂಗಿಗೆ ಸಾಮಗ್ರಿ ಸಾಗಿಸುತ್ತಿದ್ದ ವೈಮಾನಿಕರು ತೊಟ್ಟದ್ದೂ ಇವೇ ಜಾಕೆಟ್ಟುಗಳನ್ನು. ಕೆಲವರು ಅದರ ಬೆನ್ನಿಗೆ ಬಟ್ಟೆಯ ತುಂಡೊಂದನ್ನು ಹೊಲಿಸಿಕೊಳ್ಳುತ್ತಿದ್ದರು. ತನ್ನನ್ನು ಕಾಪಾಡಬೇಕೆಂಬ ಬಿನ್ನಹ ಅದರ ಮೇಲೆ ಚೀನೀ ಲಿಪಿಯಲ್ಲಿ ಅಚ್ಚಾಗಿರುತ್ತಿತ್ತು.

ಅಂಗಡಿಗೆ ಬಂದ ಬಗೆ

ಯುದ್ಧ ಮುಗಿದಾಗ ಅಮೆರಿಕದ ಸರ್ಕಾರದ ಉಗ್ರಾಣಗಳಲ್ಲಿ ಸಾಮಗ್ರಿ ಬೆಟ್ಟದಂತೆ ಬಿದ್ದಿತ್ತು. ಅದರ ವಿಲೇವಾರಿಗೆಂದು 1944ರಲ್ಲಿಯೇ ಶಾಸನವೊಂದನ್ನು ಮಾಡಲಾಗಿತ್ತು. 1946ರಲ್ಲಿ ಯುದ್ಧಾಸ್ತಿ ಆಡಳಿತವೆಂಬ ಇಲಾಖೆಯೇ ತಲೆಯೆತ್ತಿತು. ಹೀಗೆ ಹರಿದುಬಂದ ಬೂಟು, ಡೇರೆ, ಕಂಬಳಿ, ಜಾಕೆಟ್ಟುಗಳಿಂದ ಅಂಗಡಿಗಳು ತುಂಬಿದವು. ಕೂಲಿಕಾರರು, ರೈತರು, ಕಾಲೇಜು ವಿದ್ಯಾರ್ಥಿಗಳು ಅಲ್ಲಿ ಮುಗಿಬಿದ್ದು ಕೊಂಡರು. ಕಾರಣ ಸರಳ. ಸೈನ್ಯವು ಹೊಲಿಗೆ, ನೂಲು, ಜಿಪ್ಪು ಎಲ್ಲಕ್ಕೂ ಲಿಖಿತ ಮಾನದಂಡ ವಿಧಿಸಿ, ತನಿಖೆ ಮಾಡಿ ತೆಗೆದುಕೊಂಡ ಮಾಲು ಅದು. ಅದಕ್ಕೆ ಸರ್ಕಾರ ಒಮ್ಮೆ ಪೂರ್ಣ ಬೆಲೆ ತೆತ್ತಾಗಿತ್ತು; ಜನರಿಗೆ ಸಿಕ್ಕಿದ್ದು ಅಗ್ಗವಾಗಿ.

ಆ ಅಗ್ಗದ ಕಾಲ ಈಗಿಲ್ಲ. ಯುದ್ಧಕಾಲದ ಅಸಲಿ ಎ-2, ಬಿ-3ಗಳು ಸಂಗ್ರಾಹಕರ ಪಾಲಾಗಿವೆ. ಅವುಗಳ ಬೆಲೆ ಚಳಿಗೆ ಕೋಟು ಹುಡುಕುವವನ ಕೈಗೆಟುಕುವಂಥದಲ್ಲ. ಸಾಮಾನ್ಯರಿಗೆ ದೊರಕಬಹುದಾದವು ನಂತರದ ದಶಕಗಳ ನೈಲಾನ್ ಜಾಕೆಟ್ಟುಗಳು ಮತ್ತು 1970ರ ದಶಕದಿಂದ ಬಳಕೆಗೆ ಬಂದ, ಬೆಂಕಿಗೆ ಸುಲಭವಾಗಿ ಹೊತ್ತಿಕೊಳ್ಳದ ನೋಮೆಕ್ಸ್ ಬಟ್ಟೆಯ 'ಸಿಡಬ್ಲ್ಯುಯು-45/ಪಿ'. ಇವುಗಳ ಜೊತೆಗೇ ಅದೇ ಆಕಾರದ, ಪೇಟೆಗೆಂದೇ ತಯಾರಾದ ಜಾಕೆಟ್ಟುಗಳೂ ತೂಗುತ್ತಿರುತ್ತವೆ. ಅವೆಲ್ಲವೂ ಕಳಪೆಯಲ್ಲ, 1959ರಲ್ಲಿ ಟೆನೆಸಿ ಸಂಸ್ಥಾನದ ನಾಕ್ಸ್‌ವಿಲ್‌ನಲ್ಲಿ ಆರಂಭವಾದ ಆಲ್ಫಾ ಇಂಡಸ್ಟ್ರೀಸಿನಂತೆ, ಮೊದಲು ಸೈನ್ಯಕ್ಕೆ ಹೊಲಿದು ಬಳಿಕ ಜನರಿಗೂ ಮಾರಿದ ಕಾರ್ಖಾನೆಗಳುಂಟು. ಆದರೆ ಅಸಲಿನ ಬೆಲೆ ತೆರುವಾಗ ಅಸಲನ್ನೇ ಕೊಳ್ಳುತ್ತಿರುವೆವೇ ಎಂದು ನೋಡಬೇಡವೆ?

ಅಕ್ಷರಗಳ ಅರ್ಥ

ಜಾಕೆಟ್ಟಿನ ಹೆಸರಿನಲ್ಲಿರುವ ಅಕ್ಷರಗಳು ಸುಮ್ಮನೆ ಇಟ್ಟವಲ್ಲ. ಹಳೆಯ ಪದ್ಧತಿಯಲ್ಲಿ 'ಎ' ಎಂದರೆ ಬೇಸಿಗೆಯ ಹಾರಾಟದ ಜಾಕೆಟ್ಟು, 'ಬಿ' ಎಂದರೆ ಚಳಿಗಾಲದ್ದು. ಜಗತ್ತೆಲ್ಲ ಮೆಚ್ಚಿದ, 1988ರಲ್ಲಿ ವಾಯುಪಡೆ ಮತ್ತೆ ಬಳಕೆಗೆ ತಂದ ಎ-2 ಜಾಕೆಟ್ಟು ಮೂಲತಃ ಬೇಸಿಗೆಯ ವರ್ಗದ್ದು! ತೆಳುವಾದ ಅಸ್ತರಿನ ಅದನ್ನು ತೊಟ್ಟು ಷಿಕಾಗೊದ ಜನವರಿಯನ್ನು ಎದುರಿಸಹೊರಟವನು ನಡುಗಿದರೆ ತಪ್ಪು ಜಾಕೆಟ್ಟಿನದಲ್ಲ.

ನೈಲಾನ್ ಜಾಕೆಟ್ಟುಗಳನ್ನು ಉಷ್ಣಮಾನದ ವಲಯಕ್ಕೆ ಅನುಸಾರವಾಗಿ ವಿಂಗಡಿಸಿದ್ದರು. 'ಎಲ್-2ಬಿ' ಹಗುರವಾದದ್ದು; 10 ಡಿಗ್ರಿಗಿಂತ ಮೇಲಿನ ಹವೆಗೆ. ಎಂಎ-1 ನಡುವಣದು, ಸೊನ್ನೆಗಿಂತ 10 ಡಿಗ್ರಿ ಮೇಲಿನಿಂದ 10 ಡಿಗ್ರಿ ಕೆಳಗಿನವರೆಗೆ. ಅದಕ್ಕಿಂತಲೂ ಕಡುಚಳಿಗೆ ಟೊಪ್ಪಿಗೆಯುಳ್ಳ 'ಎನ್-2ಬಿ' ಹಾಗೂ 'ಎನ್-3ಬಿ'. ಇವುಗಳಲ್ಲಿ ಎನ್-2ಬಿ ಸೊಂಟದವರೆಗೆ ಮಾತ್ರ ಬರುವುದು. ಎನ್-3ಬಿ ತೊಡೆಯನ್ನೂ ಮುಚ್ಚುವುದು.

ಉದ್ದದ ಮಾತನ್ನು ಹಗುರವಾಗಿ ಎಣಿಸಬಾರದು. ವೈಮಾನಿಕನು ಕುಳಿತು ಕೆಲಸ ಮಾಡುವವನು; ಉದ್ದನೆಯ ಅಂಚು ಅವನ ಮಡಿಲಲ್ಲಿ ಮುದುಡಿ ತೊಡಕಾಗುವುದರಿಂದ ಸೊಂಟಕ್ಕೇ ಬಿಗಿದರು. ಬಸ್ಸಿಗಾಗಿ ಗಾಳಿಯಲ್ಲಿ ಕಾಯುತ್ತ ನಿಲ್ಲುವವನಿಗೆ ಬೇಕಾದುದು ಬೇರೆ. ಅವನ ಸೊಂಟ, ತೊಡೆಗಳು ಬಯಲಾಗಿದ್ದರೆ ಮೇಲಿನ ಬೆಚ್ಚಗೆ ಅಷ್ಟರಮಟ್ಟಿಗೆ ವ್ಯರ್ಥ. ಕಡುಚಳಿಯ ಊರಿಗೆ ಎನ್-3ಬಿಯಂಥ ಉದ್ದನೆಯದೇ ತಕ್ಕದ್ದು. ಎಂಎ-1 ಒಪ್ಪುವುದು ಲಂಡನ್ನಿನಂಥ ಮಿತವಾದ ಚಳಿಗೆ, ಇಲ್ಲವೆ ಕಾರಿನಲ್ಲಿಯೇ ಓಡಾಡುವವರಿಗೆ.

ಅಂಗಡಿಯಲ್ಲಿ ನೋಡಬೇಕಾದುದು

ಮೊದಲು ಓದಬೇಕಾದುದು ಒಳಗಿನ ಚೀಟಿ. ಅಸಲಿ ಜಾಕೆಟ್ಟಿನ ಚೀಟಿಯಲ್ಲಿ ಮಾದರಿಯ ಹೆಸರು, ಸೈನ್ಯದ ಮಾನದಂಡದ ಸಂಖ್ಯೆ, ಗುತ್ತಿಗೆಯ ಸಂಖ್ಯೆ ಅಚ್ಚಾಗಿರುತ್ತವೆ. ದಾಸ್ತಾನಿನ ಸಂಖ್ಯೆ 8415 ಎಂದು ಆರಂಭವಾಗಿದ್ದರೆ ಅದು ವಿಶೇಷ ಕಾರ್ಯದ ಉಡುಪುಗಳ ವರ್ಗಕ್ಕೆ ಸೇರಿದ್ದು. ಗುತ್ತಿಗೆಯ ಸಂಖ್ಯೆಯು 'ಡಿಎಸ್‌ಎ 100-68' ಎಂದು ಮೊದಲಾದರೆ 1968ರ ಹಣಕಾಸು ವರ್ಷದ್ದು. 1977ರಲ್ಲಿ ಆ ಇಲಾಖೆಯ ಹೆಸರು ಬದಲಾದ ಮೇಲೆ 'ಡಿಎಲ್‌ಎ' ಎಂದಾಯಿತು. ನಕಲು ಮಾಡುವವರು ಚೀಟಿಯನ್ನೂ ನಕಲು ಮಾಡುವುದುಂಟಾದ್ದರಿಂದ ಅದೊಂದನ್ನೇ ನಂಬಲಾಗದು. ಐವತ್ತು ವರ್ಷದ ಹಿಂದಿನ ಚೀಟಿಯುಳ್ಳ ಜಾಕೆಟ್ಟಿನ ಬಟ್ಟೆ ನಿನ್ನೆ ನೇಯ್ದಂತೆ ಹೊಳೆಯುತ್ತಿದ್ದರೆ ಎರಡು ಸಲ ಯೋಚಿಸುವುದು ಲೇಸು.

ಬಳಿಕ ಕೈಯಿಂದ ನೋಡಬೇಕು. ಹೆಣೆದ ಕಾಲರು, ತೋಳಿನ ತುದಿ, ಸೊಂಟದ ಪಟ್ಟಿಗಳಲ್ಲಿ ನುಸಿ ತಿಂದ ತೂತುಗಳಿವೆಯೇ? ಪಟ್ಟಿ ಎಳೆದು ಬಿಟ್ಟರೆ ಹಿಂದಕ್ಕೆ ಬರುತ್ತದೆಯೇ? ಸಡಿಲವಾದರೆ ಒಳಗಿನ ಬಿಸಿಗಾಳಿ ಅಲ್ಲಿಂದಲೇ ಸೋರಿಹೋಗುವುದು. ಒಳ್ಳೆಯ ದರ್ಜಿ ಪಟ್ಟಿಗಳನ್ನು ಬದಲಿಸಿಕೊಡಬಲ್ಲನು. ಆ ಖರ್ಚನ್ನೂ ಬೆಲೆಗೆ ಸೇರಿಸಿ ಎಣಿಸಬೇಕು. ಜಿಪ್ಪನ್ನು ನಾಲ್ಕಾರು ಸಲ ಮೇಲೆ ಕೆಳಗೆ ಓಡಿಸಿ ನೋಡಬೇಕು. ಒಂದು ಹಲ್ಲು ಮುರಿದಿದ್ದರೂ ಇಡೀ ಜಿಪ್ಪು ಬದಲಾಗಬೇಕಾದೀತು. ಚರ್ಮದ್ದಾದರೆ ಬೆರಳಿನಿಂದ ಉಜ್ಜಿದಾಗ ಕೆಂಪು ಪುಡಿ ಅಂಟಿದರೆ ಅದನ್ನು ಅಲ್ಲಿಯೇ ಬಿಡುವುದು ಉತ್ತಮ. ಆ ಚರ್ಮ ಒಳಗಿನಿಂದಲೇ ಸತ್ತಿದೆ. ಯಾವ ಎಣ್ಣೆಯೂ ಅದನ್ನು ಬದುಕಿಸಲಾರದು. ಕುರಿಚರ್ಮದಲ್ಲಿ ಹೊಲಿಗೆಯ ಗುಂಟ ಬಿರುಕು ಬಿಟ್ಟಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ತೊಟ್ಟು ನೋಡುವಾಗ ಒಳಗೆ ಸ್ವೆಟರು ಧರಿಸಿರಬೇಕು. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ಪದರಗಳ ನಡುವೆ ಕದಲದೆ ನಿಂತ ಗಾಳಿ. ಮೈಗೆ ಬಿಗಿದು ಹಿಡಿದ ಜಾಕೆಟ್ಟಿನಲ್ಲಿ ಆ ಗಾಳಿಗೆ ಎಡೆಯಿಲ್ಲ. ಭುಜದ ಮೇಲೆ ಪದಕ ಲಾಂಛನಗಳಿದ್ದರೆ ಬಿಡಿಸಿಬಿಡುವುದೇ ಒಳ್ಳೆಯದು. ಸೈನಿಕನೆಂದು ಇತರರು ನಂಬಲೆಂಬ ಉದ್ದೇಶದಿಂದ ಸೈನಿಕರ ಉಡುಪು ಧರಿಸುವುದು ನಮ್ಮ ದೇಶದ ಕಾನೂನಿನಲ್ಲಿ ಅಪರಾಧ.

ಇನ್ನೊಂದು ಮಾತನ್ನು ಮರೆಯಲಾಗದು. ವೈಮಾನಿಕನು ಜಾಕೆಟ್ಟೊಂದನ್ನೇ ನಂಬಿ ಮೇಲೇರಲಿಲ್ಲ. ಅವನಿಗೆ ಉಣ್ಣೆಯ ಒಳಉಡುಪಿತ್ತು, ತುಪ್ಪಳದ ಬೂಟಿತ್ತು, ಒಂದರ ಮೇಲೊಂದು ಕೈಚೀಲಗಳಿದ್ದವು. ಬಾಂಬರುಗಳಲ್ಲಿ ವಿದ್ಯುತ್ತಿನಿಂದ ಕಾಯುವ ಉಡುಪೂ ಇತ್ತು. ಇಷ್ಟಿದ್ದೂ ಬೆರಳು ಕಳೆದುಕೊಂಡವರುಂಟು. ಆದುದರಿಂದ ಹೆಸರಾಂತ ಜಾಕೆಟ್ಟಿಗೆ ಇದ್ದ ಹಣವನ್ನೆಲ್ಲ ಸುರಿದು, ಬರಿಗೈ ಬರಿಗಿವಿಯಲ್ಲಿ ಹೊರಡುವುದಕ್ಕಿಂತ, ಸಾಧಾರಣವಾದರೂ ಉದ್ದನೆಯ ಕೋಟು, ಕಿವಿ ಮುಚ್ಚುವ ಟೋಪಿ, ಒಳ್ಳೆಯ ಕೈಚೀಲ, ನೀರು ಇಳಿಯದ ಬೂಟುಗಳಿಗೆ ಹಂಚಿ ವೆಚ್ಚ ಮಾಡುವುದೇ ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದರು. ಹಿಮ ಬೀಳುವ ನಾಡಿಗೆ ಹೊರಟವರು ಚಳಿ ಎಷ್ಟೆಂದು ಅರಿತು, ಅದಕ್ಕೆ ತಕ್ಕ ಕೋಟನ್ನು ಕೊಳ್ಳುವುದು ಲೇಸು.